ಕುದುರೆ ಸಾಕಣೆ: ಬಯಲುಸೀಮೆಯಲ್ಲಿ ಪಾಲನೆ, ಆರೋಗ್ಯ ಮತ್ತು ಸಂತಾನ

ಕುದುರೆ ಸಾಕಣೆ ಎಂಬುದು ಕುದುರೆಯ ಮೇವು, ನೀರು, ಲಾಯ, ಗೊರಸು, ಹಲ್ಲು, ರೋಗನಿವಾರಣೆ ಮತ್ತು ಸಂತಾನಾಭಿವೃದ್ಧಿಗಳನ್ನು ಒಳಗೊಂಡ ಪಾಲನಾವಿದ್ಯೆಯಾಗಿದ್ದು, ಒಂದು ಕಾಲಕ್ಕೆ ಅರಮನೆ ಮತ್ತು ಸೈನ್ಯಗಳ ಆಶ್ರಯದಲ್ಲಿ ಶಾಸ್ತ್ರವಾಗಿ ಬೆಳೆದು, ಇಂದು ಬಹುಮಟ್ಟಿಗೆ ಒಂದೆರಡು ಕುದುರೆಗಳನ್ನು ಇಟ್ಟುಕೊಂಡು ಜೀವನ ನಡೆಸುವ ಸಾಮಾನ್ಯ ಸಾಕಣೆದಾರರ ಕೈಯಲ್ಲಿ ಉಳಿದಿದೆ. ಮದುವೆ ಮತ್ತು ಜಾತ್ರೆಯ ಮೆರವಣಿಗೆಗೆ ಕುದುರೆ ಕೊಡುವವರು, ಜಟಕಾ ಓಡಿಸುವವರು, ಹವ್ಯಾಸಕ್ಕಾಗಿ ಸಾಕುವ ರೈತರು ಈ ಗುಂಪಿಗೆ ಸೇರುತ್ತಾರೆ. ಮಡಕಶಿರಾ ಮತ್ತು ರಾಯದುರ್ಗ ಸೀಮೆಗಳ ಕನ್ನಡ ನಾಡನ್ನು, ವಿಶೇಷವಾಗಿ ಅಗಳಿಯ ಸುತ್ತಣ ಬಯಲನ್ನು ಮುಂದಿಟ್ಟುಕೊಂಡು ಈ ವಿದ್ಯೆಯ ಮುಖ್ಯಾಂಶಗಳನ್ನು ಇಲ್ಲಿ ಸಂಗ್ರಹಿಸಲಾಗಿದೆ.

ಪ್ರದೇಶ

ಅಗಳಿಯು ಆಂಧ್ರಪ್ರದೇಶದ ಮಡಕಶಿರಾ ಸೀಮೆಯಲ್ಲಿ, ಕರ್ನಾಟಕದ ಶಿರಾ ತಾಲ್ಲೂಕಿನ ಗಡಿಗೆ ಹತ್ತಿಕೊಂಡಿರುವ ಮಂಡಲ ಕೇಂದ್ರ. ಅನಂತಪುರ ಜಿಲ್ಲೆಗೆ ಸೇರಿದ್ದ ಈ ಸೀಮೆಯು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿದಿದೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ, ಕಡಲೆಕಾಯಿ, ರಾಗಿ, ಜೋಳ, ಹುರುಳಿಗಳನ್ನು ಬೆಳೆಯುವ ಈ ಒಣನೆಲದಲ್ಲಿ ವರ್ಷವಿಡೀ ಹಸಿರಾಗಿರುವ ಹುಲ್ಲುಗಾವಲು ಇಲ್ಲವಾದುದರಿಂದ, ಕುದುರೆಯು ಮೇದು ಬದುಕುವುದಕ್ಕಿಂತ ಹೆಚ್ಚಾಗಿ ಒಡೆಯನು ಹಾಕಿದ್ದನ್ನು ತಿಂದು ಬದುಕುತ್ತದೆ. ಹೀಗಾಗಿ ಇಲ್ಲಿ ಕುದುರೆಯ ಆಯುಸ್ಸು ಮತ್ತು ಆರೋಗ್ಯಗಳು ಸಾಕುವವನ ತಿಳಿವಳಿಕೆಗೆ ನೇರವಾಗಿ ಕಟ್ಟುಬಿದ್ದಿವೆ.

ಇತಿಹಾಸ

ದಖ್ಖನ್ನಿನ ಅರಸರಿಗೆ ಕುದುರೆಯು ಯಾವಾಗಲೂ ದುಬಾರಿ ಪ್ರಾಣಿಯಾಗಿತ್ತು. ಅರೇಬಿಯಾ ಮತ್ತು ಪರ್ಷಿಯಾಗಳಿಂದ ಹಡಗಿನಲ್ಲಿ ಬಂದ ಕುದುರೆಗಳು ಭಟ್ಕಳ, ಗೋವೆ ಮೊದಲಾದ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ರಾಜಧಾನಿಗಳನ್ನು ಸೇರುತ್ತಿದ್ದವು. 16ನೆಯ ಶತಮಾನದಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಹೊರ್ಮುಜ್‌ನಿಂದ ಬಂದ ಮತ್ತು ದೇಶದೊಳಗೆ ಹುಟ್ಟಿದ ಕುದುರೆಗಳನ್ನು ಸೇರಿಸಿ ಅರಸನು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದನೆಂದು ಬರೆದಿದ್ದಾನೆ. ಹಂಪೆಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲುಗಟ್ಟಿ ಸಾಗುವ ಕುದುರೆಗಳ ಕೆತ್ತನೆ ಆ ವೈಭವದ ಸಾಕ್ಷಿಯಾಗಿದೆ. 1565ರ ಯುದ್ಧದ ಬಳಿಕ ರಾಜಧಾನಿಯು ಪೆನುಕೊಂಡೆಗೆ ಬಂದಾಗ ಈ ಸೀಮೆಯೇ ಆಳ್ವಿಕೆಯ ನಡುನೆಲವಾಯಿತು. ಮುಂದೆ ಪಕ್ಕದ ಶಿರಾ ಮೊಗಲರ ಸುಬಾ ಕೇಂದ್ರವಾಗಿ, ಆನಂತರ ಹೈದರಾಲಿಯ ವಶವಾಗಿ, ಅಶ್ವಸೈನ್ಯಗಳು ಬೀಡುಬಿಡುವ ಠಾಣೆಯಾಗಿತ್ತು.

ಇಷ್ಟೊಂದು ಕುದುರೆಗಳನ್ನು ಪ್ರತಿವರ್ಷ ಹೊರಗಿನಿಂದ ತರಬೇಕಾಗಿ ಬಂದುದಕ್ಕೆ ಯುದ್ಧದ ನಷ್ಟದ ಜೊತೆಗೆ ಪಾಲನೆಯ ಕೊರತೆಯೂ ಕಾರಣವಾಗಿತ್ತು. 13ನೆಯ ಶತಮಾನದ ಕೊನೆಯಲ್ಲಿ ಪಾಂಡ್ಯ ದೇಶಕ್ಕೆ ಬಂದ ಮಾರ್ಕೊ ಪೋಲೊ, ಅಲ್ಲಿ ಕುದುರೆಗಳನ್ನು ನೋಡಿಕೊಳ್ಳಬಲ್ಲವರಿಲ್ಲದೆ ಅವು ಬೇಗ ಸಾಯುತ್ತಿದ್ದವೆಂದೂ, ವ್ಯಾಪಾರ ನಿಲ್ಲಬಾರದೆಂದು ಕುದುರೆ ಮಾರುವವರು ಅಶ್ವವೈದ್ಯರನ್ನು ಅತ್ತ ಹೋಗಗೊಡುತ್ತಿರಲಿಲ್ಲವೆಂದೂ ಹೇಳುತ್ತಾನೆ.

ಮೈಸೂರು ಸಂಸ್ಥಾನದಲ್ಲಿ ಈ ಕೊರತೆಯನ್ನು ತುಂಬುವ ಎರಡು ವ್ಯವಸ್ಥೆಗಳಿದ್ದವು. ಒಂದು, ಟಿಪ್ಪು ಸುಲ್ತಾನನ ಕಾಲದಿಂದ ಹೆಸರಾದ ತುಮಕೂರು ಜಿಲ್ಲೆಯ ಕುಣಿಗಲ್ ಕುದುರೆ ಫಾರಂ. ಸೈನ್ಯಕ್ಕೆ ಕುದುರೆ ಒದಗಿಸಿದ ಈ ಫಾರಂ ಇಪ್ಪತ್ತನೆಯ ಶತಮಾನದಲ್ಲಿ ಪಂದ್ಯದ ಕುದುರೆಗಳ ಸಂತಾನಕೇಂದ್ರವಾಗಿ, 1992ರಲ್ಲಿ ಖಾಸಗಿ ಗುತ್ತಿಗೆಗೆ ಹೋಯಿತು. ಇನ್ನೊಂದು ಸಿಲ್ಲೇದಾರ ಪದ್ಧತಿ. ಸರ್ಕಾರದ ಕುದುರೆ ಏರಿದವನು ಬಾರ್ಗೀರನಾದರೆ, ತನ್ನ ಸ್ವಂತ ಕುದುರೆಯೊಂದಿಗೆ ಚಾಕರಿಗೆ ಸೇರಿದವನು ಸಿಲ್ಲೇದಾರ; ಕುದುರೆ ಸತ್ತರೆ ಅಥವಾ ಕುಂಟಾದರೆ ನಷ್ಟ ಅವನದೇ ಆದುದರಿಂದ ಮೇವು, ಲಾಳ, ಮದ್ದುಗಳ ಅರಿವು ಅವನ ಮನೆತನದ ಬಂಡವಾಳವಾಗಿತ್ತು. ಈ ಪರಂಪರೆಯ ಮುಂದುವರಿಕೆಯಾಗಿ ಬೆಳೆದ ಮೈಸೂರು ಲ್ಯಾನ್ಸರ್ಸ್ ದಳವು 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಅಶ್ವದಳಗಳಲ್ಲಿ ಒಂದಾಗಿ ಖ್ಯಾತಿ ಪಡೆದು, 1953ರಲ್ಲಿ ಭಾರತೀಯ ಸೇನೆಯ 61ನೆಯ ಕ್ಯಾವಲ್ರಿ ರೂಪುಗೊಂಡಾಗ ಅದರಲ್ಲಿ ಸೇರಿತು. ಇಂದು ಮೈಸೂರಿನ ಪೊಲೀಸ್ ಅಶ್ವಾರೋಹಿ ದಳವು ದಸರಾ ಮೆರವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ.

ಕನ್ನಡದ ಅಶ್ವಶಾಸ್ತ್ರ

ಭಾರತದ ಅಶ್ವವೈದ್ಯವು ಶಾಲಿಹೋತ್ರನ ಹೆಸರಿನೊಂದಿಗೆ ಆರಂಭವಾಗುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ ಮತ್ತು ಅಶ್ವಕ್ರೀಡೆಗಳ ವಿವರಣೆ ಇದೆ. ಕನ್ನಡದಲ್ಲಿ ಪಶುವೈದ್ಯಗ್ರಂಥಗಳ ಸಾಲು ಅದೇ ಶತಮಾನದ ಕೀರ್ತಿವರ್ಮನ ‘ಗೋವೈದ್ಯ’ದಿಂದ ಮೊದಲಾಗಿ, ವಿಜಯನಗರ ಕಾಲದ ಅಭಿನವಚಂದ್ರನ ‘ಅಶ್ವವೈದ್ಯ’, 17ನೆಯ ಶತಮಾನದಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನು ರಚಿಸಿದ ‘ಹಯಸಾರಸಮುಚ್ಚಯ’ಗಳವರೆಗೆ ಸಾಗಿಬಂದಿದೆ.

ಈ ಪರಂಪರೆಯಿಂದ ಜನಬಳಕೆಗೆ ಇಳಿದು ಇಂದಿಗೂ ಉಳಿದಿರುವುದು ಸುಳಿ ನೋಡುವ ರೂಢಿ. ಕೂದಲು ಒಂದು ಬಿಂದುವಿನ ಸುತ್ತ ತಿರುಗಿ ಬೆಳೆದ ಜಾಗಕ್ಕೆ ಸುಳಿ ಎಂದು ಹೆಸರು. ಹಣೆ, ಕೊರಳು, ಎದೆ, ಪಕ್ಕೆಗಳಲ್ಲಿ ಅದು ಎಲ್ಲಿದೆ, ಎಷ್ಟಿದೆ ಎಂಬುದರ ಮೇಲೆ ಶುಭಾಶುಭವನ್ನೂ ಬೆಲೆಯನ್ನೂ ನಿರ್ಧರಿಸುವುದುಂಟು. ನಾಲ್ಕು ಕಾಲು ಮತ್ತು ಮುಖ ಬಿಳಿಯಾಗಿರುವ ‘ಪಂಚಕಲ್ಯಾಣಿ’ಗೆ ಹೆಚ್ಚಿನ ಗೌರವವಿದೆ. ಸುಳಿಗೂ ಒಡೆಯನ ಭಾಗ್ಯಕ್ಕೂ ಸಂಬಂಧವಿದೆಯೆಂಬುದಕ್ಕೆ ಆಧಾರವಿಲ್ಲ. ಆದರೆ ಸುಳಿಯು ಜೀವಮಾನವಿಡೀ ಬದಲಾಗದ ಗುರುತಾದುದರಿಂದ ಕುದುರೆಯ ಗುರುತಿನ ಚೀಟಿಯಲ್ಲಿ ಅದನ್ನು ಇಂದಿಗೂ ಬರೆದಿಡುತ್ತಾರೆ. ಕೊಳ್ಳುವವನು ಸುಳಿಗಿಂತ ಮೊದಲು ಕಾಲು, ಗೊರಸು, ಕಣ್ಣು, ಉಸಿರುಗಳನ್ನು ಪರೀಕ್ಷಿಸುವುದು ಕ್ಷೇಮ.

ತಳಿ, ಅಳತೆ ಮತ್ತು ವಯಸ್ಸು

ಭಾರತದ ದೇಶಿ ತಳಿಗಳಲ್ಲಿ ಮಾರ್ವಾಡಿ, ಕಾಠಿಯಾವಾಡಿ, ಕಚ್ಛಿ-ಸಿಂಧಿ, ಸ್ಪಿತಿ, ಜಂಸ್ಕಾರಿ, ಭೂಟಿಯಾ, ಮಣಿಪುರಿಗಳು ಮುಖ್ಯವಾದವು. ದಖ್ಖನ್ನಿನ ಸ್ವಂತ ಕುದುರೆಯೆಂದರೆ ಭೀಮಾ ನದಿಯ ಬಯಲಿನ ಹೆಸರು ಹೊತ್ತ ಭೀಮಥಡಿ. ಮರಾಠಾ ಸವಾರರ ಬಲವಾಗಿದ್ದ, ಗಿಡ್ಡಗಿದ್ದರೂ ಗಟ್ಟಿಮುಟ್ಟಾದ ಈ ಕುದುರೆಯು ಕುರಿಗಾರರ ಸಾಮಾನು ಹೊರುವ ತಟ್ಟುವಾಗಿ ಉಳಿದುಬಂದಿದ್ದು, ಈಚೆಗೆ ಪ್ರತ್ಯೇಕ ತಳಿಯೆಂಬ ಮಾನ್ಯತೆ ಪಡೆದಿದೆ. ಒಣಮೇವಿನಲ್ಲಿ ಬದುಕಬಲ್ಲ, ಕಲ್ಲುನೆಲದಲ್ಲಿ ನಡೆಯಬಲ್ಲ ಗೊರಸುಳ್ಳ ಇಂಥ ತಟ್ಟುಗಳು ಅಗಳಿಯಂಥ ಬಯಲಿಗೆ ಎತ್ತರದ ಮಾರ್ವಾಡಿಗಿಂತ ಹೊಂದುತ್ತವೆ. ಆದರೂ ಎತ್ತರ ಮತ್ತು ಚಂದಕ್ಕಾಗಿ ಮೆರವಣಿಗೆಯವರು ಮಾರ್ವಾಡಿಯನ್ನೇ ಬಯಸುತ್ತಾರೆ.

ಕುದುರೆಯ ಎತ್ತರವನ್ನು ಕೊರಳು ಮುಗಿದು ಬೆನ್ನು ಆರಂಭವಾಗುವ ಹೆಗಲದಿಬ್ಬದ ತುದಿಯಿಂದ ನೆಲದವರೆಗೆ ಅಳೆಯುತ್ತಾರೆ. ಸುಮಾರು 147 ಸೆಂಟಿಮೀಟರಿಗಿಂತ ಗಿಡ್ಡನಾದುದು ಸಾಮಾನ್ಯವಾಗಿ ತಟ್ಟು ಎನಿಸಿಕೊಳ್ಳುತ್ತದೆ. ತೂಕವನ್ನು ತಕ್ಕಡಿಯಿಲ್ಲದೆಯೂ ಅಂದಾಜು ಮಾಡಬಹುದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ತೆಗೆದು, ಅದನ್ನು ಅದರಿಂದಲೇ ಗುಣಿಸಿ, ಬಂದುದನ್ನು ಭುಜದ ಮುಂತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ 11,880ರಿಂದ ಭಾಗಿಸಿದರೆ ಕಿಲೋಗ್ರಾಂ ಲೆಕ್ಕದ ತೂಕ ಸಿಗುತ್ತದೆ. ಸುತ್ತಳತೆ 140, ಉದ್ದ 120 ಇರುವ ತಟ್ಟು ಹೀಗೆ ಸುಮಾರು 198 ಕಿಲೋ ತೂಗುತ್ತದೆ. ಮೇವಿನ ಪ್ರಮಾಣ, ಜಂತುನಾಶಕದ ಮಾತ್ರೆ, ಹೊರೆಯ ಮಿತಿ ಎಲ್ಲವೂ ತೂಕವನ್ನು ಅವಲಂಬಿಸಿರುವುದರಿಂದ ಈ ಲೆಕ್ಕವನ್ನು ಪ್ರತಿಯೊಬ್ಬ ಸಾಕಣೆದಾರನೂ ತಿಳಿದಿರಬೇಕು.

ವಯಸ್ಸನ್ನು ಬಾಚಿಹಲ್ಲುಗಳಿಂದ ತಿಳಿಯಲಾಗುತ್ತದೆ. ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಿಗೆ ಹಾಲುಹಲ್ಲುಗಳ ಒಂದೊಂದು ಜೋಡಿ ಬಿದ್ದು ಶಾಶ್ವತ ಹಲ್ಲು ಬಂದು, ಐದನೆಯ ವರ್ಷಕ್ಕೆ ಬಾಯಿ ತುಂಬುತ್ತದೆ. ಆಮೇಲೆ ಹಲ್ಲಿನ ಮೇಲ್ಮೈಯ ಗುಳಿಗಳು ಸವೆದು ಮಾಯವಾಗುತ್ತ ಬರುತ್ತವೆ. ಮೇಲ್ದವಡೆಯ ಕೊನೆಯ ಬಾಚಿಹಲ್ಲಿನಲ್ಲಿ ಸುಮಾರು ಹತ್ತನೆಯ ವರ್ಷಕ್ಕೆ ಒಸಡಿನ ಬಳಿ ಕಾಣಿಸಿಕೊಳ್ಳುವ ಕಂದುಗೆರೆಯು ಹದಿನೈದಕ್ಕೆ ಹಲ್ಲಿನ ಅರ್ಧಕ್ಕೂ, ಇಪ್ಪತ್ತಕ್ಕೆ ಪೂರ್ತಿ ಉದ್ದಕ್ಕೂ ಇಳಿದಿರುತ್ತದೆ.

ಜೀರ್ಣಾಂಗದ ಸ್ವರೂಪ

ದನ ಸಾಕಿದ ಅನುಭವದಿಂದ ಕುದುರೆ ಸಾಕುವವರು ಎಡವುವುದು ಬಹುಪಾಲು ಹೊಟ್ಟೆಯ ವಿಷಯದಲ್ಲಿ. ದನಕ್ಕೆ ನಾಲ್ಕು ಕೋಣೆಯ ಜಠರವಿದ್ದು, ಅದು ಒಮ್ಮೆಗೇ ತುಂಬಿಕೊಂಡು ಆಮೇಲೆ ಮೆಲುಕು ಹಾಕುತ್ತದೆ. ಕುದುರೆಗೆ ಮೆಲುಕಿಲ್ಲ, ಜಠರವು ದೇಹದ ಗಾತ್ರಕ್ಕೆ ಬಲು ಚಿಕ್ಕದು, ದೊಡ್ಡ ಕುದುರೆಯಲ್ಲಿಯೂ ಅದು ಹಿಡಿಯುವುದು 8ರಿಂದ 15 ಲೀಟರ್ ಮಾತ್ರ. ನಾರಿನ ಮೇವು ಕೊಳೆತು ಪಚನವಾಗುವುದು ಹಿಂಭಾಗದ ದೊಡ್ಡಕರುಳಿನಲ್ಲಿ, ಅಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ. ಅನ್ನನಾಳವು ಜಠರಕ್ಕೆ ಸೇರುವಲ್ಲಿ ಸ್ನಾಯುವು ಬಿಗಿಯಾಗಿರುವುದರಿಂದ ಕುದುರೆಯು ವಾಂತಿ ಮಾಡಲಾರದು. ಈ ಮೂರು ಸಂಗತಿಗಳಿಂದ ಮೂರು ನಿಯಮಗಳು ಹುಟ್ಟುತ್ತವೆ: ಮೇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡಬೇಕು, ನಾರಿನ ಮೇವೇ ಆಹಾರದ ಮುಖ್ಯಭಾಗವಾಗಿರಬೇಕು, ಮೇವಿನ ಬಗೆಯನ್ನು ಬದಲಿಸುವುದಾದರೆ ಏಳರಿಂದ ಹತ್ತು ದಿನಗಳ ಅವಧಿಯಲ್ಲಿ ಹಂತಹಂತವಾಗಿ ಬದಲಿಸಬೇಕು.

ಮೇವು ಮತ್ತು ನೀರು

ಕುದುರೆಗೆ ದಿನಕ್ಕೆ ದೇಹತೂಕದ ನೂರಕ್ಕೆ ಒಂದೂವರೆಯಿಂದ ಎರಡು ಪಾಲಿನಷ್ಟು ಒಣಮೇವು ಬೇಕಾಗುವುದರಿಂದ, ಮೇಲೆ ಹೇಳಿದ ಸುಮಾರು 200 ಕಿಲೋ ತೂಕದ ತಟ್ಟುವಿಗೆ ಮೂರರಿಂದ ನಾಲ್ಕು ಕಿಲೋ ಸಾಕು. ಒಣಹುಲ್ಲು, ರಾಗಿಹುಲ್ಲು, ಕಡಲೆಕಾಯಿ ಬಳ್ಳಿಯ ಹೊಟ್ಟು ಈ ಸೀಮೆಯಲ್ಲಿ ಸುಲಭವಾಗಿ ದೊರೆಯುವ ಮೇವುಗಳು. ಕಡಲೆಕಾಯಿ ಹೊಟ್ಟು ಪುಷ್ಟಿಕರವಾದರೂ ಮಳೆಗೆ ನೆನೆದ ಬಣವೆಯಲ್ಲಿ ಬೂಸ್ಟು ಹಿಡಿದಿದ್ದರೆ ಅದರ ವಿಷವು ಯಕೃತ್ತನ್ನು ಹಾಳುಮಾಡುತ್ತದೆ, ಧೂಳು ಉಬ್ಬಸವನ್ನು ತರುತ್ತದೆ. ಹಿಡಿ ಮೇವನ್ನು ಮೂಸಿ, ಕೊಡವಿ ನೋಡಿ, ಮುಗ್ಗಲು ವಾಸನೆ ಬಂದರೆ ಎಸೆಯಬೇಕು. ಮಳೆ ಕೈಕೊಟ್ಟು ಬಾಡಿದ ಎಳೆಯ ಜೋಳದ ಪೈರಿನಲ್ಲಿ ಸಯನೈಡ್ ವಿಷವಿರುವುದರಿಂದ ಅದನ್ನು ಮೇಯಿಸಬಾರದು.

ಕಾಳುಗಳಲ್ಲಿ ಹುರುಳಿಗೂ ಕುದುರೆಗೂ ಇರುವ ನಂಟು ಹಳೆಯದು. ನೂರಕ್ಕೆ ಇಪ್ಪತ್ತಕ್ಕೂ ಹೆಚ್ಚು ಸಸಾರಜನಕವುಳ್ಳ ಹುರುಳಿಯಲ್ಲಿ ಪಚನಕ್ಕೆ ಅಡ್ಡಿಮಾಡುವ ಅಂಶಗಳೂ ಇರುವುದರಿಂದ, ಹಿಂದಿನವರು ಅದನ್ನು ಬೇಯಿಸಿ, ಆರಿಸಿ, ತೌಡಿನೊಡನೆ ಕಲಸಿ ಕೊಡುತ್ತಿದ್ದ ಪದ್ಧತಿ ಸರಿಯಾದುದೇ. ಕೆಲಸ ಹಗುರವಾಗಿರುವ ತಟ್ಟುವಿಗೆ ದಿನಕ್ಕೆ ಅರ್ಧ ಕಿಲೋ ಹುರುಳಿ, ಅದನ್ನೂ ಎರಡು ಹೊತ್ತಿಗೆ ಹಂಚಿ ಕೊಟ್ಟರೆ ಸಾಕು. ಕೆಲಸವಿಲ್ಲದ ದಿನ ಕಾಳನ್ನು ಕಡಿಮೆ ಮಾಡಬೇಕು. ಬೆವರಿನಲ್ಲಿ ಹೋಗುವ ಉಪ್ಪಿಗೆ ಬದಲಾಗಿ ದಿನಕ್ಕೆ 20ರಿಂದ 30 ಗ್ರಾಂ ಅಡಿಗೆ ಉಪ್ಪು ಸೇರಿಸಬಹುದು. ಮದುವೆ ಮೆರವಣಿಗೆಯಲ್ಲಿ ಪ್ರೀತಿಯಿಂದಲೇ ಜನರು ತಿನ್ನಿಸುವ ಬೆಲ್ಲ, ಲಾಡು, ಅನ್ನಗಳು ಹೊಟ್ಟೆಶೂಲೆಗೂ ಗೊರಸಿನ ಉರಿಯೂತಕ್ಕೂ ಕಾರಣವಾಗುತ್ತವಾದುದರಿಂದ ಒಡೆಯನು ಅದನ್ನು ತಡೆಯಲೇಬೇಕು.

ಕೋಳಿ ಮತ್ತು ದನಗಳಿಗಾಗಿ ತಯಾರಾದ ಕೆಲವು ಸಿದ್ಧ ಆಹಾರಗಳಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆತಿರುತ್ತದೆ. ಅವುಗಳಿಗೆ ಒಗ್ಗುವ ಈ ವಸ್ತುವು ಅತ್ಯಲ್ಪ ಪ್ರಮಾಣದಲ್ಲಿಯೂ ಕುದುರೆಯ ಹೃದಯವನ್ನು ಕೆಡಿಸಿ ಕೊಲ್ಲುತ್ತದೆ. ದೇವಸ್ಥಾನದ ಅಂಗಳದಲ್ಲಿಯೂ ಹೆದ್ದಾರಿಯ ನಡುಪಟ್ಟಿಯಲ್ಲಿಯೂ ನೆಟ್ಟಿರುವ ಕಣಗಿಲೆಯು ಅಷ್ಟೇ ಅಪಾಯಕಾರಿ. ಸಂಸ್ಕೃತ ನಿಘಂಟುಗಳು ಅದಕ್ಕೆ ಕುದುರೆಯನ್ನು ಕೊಲ್ಲುವುದು ಎಂಬ ಅರ್ಥದ ‘ಅಶ್ವಮಾರಕ’, ‘ಹಯಮಾರ’ ಎಂಬ ಹೆಸರುಗಳನ್ನೇ ಕೊಟ್ಟಿವೆ.

ದೊಡ್ಡ ಕುದುರೆಯು ದಿನಕ್ಕೆ 25ರಿಂದ 45 ಲೀಟರ್ ನೀರು ಕುಡಿಯುತ್ತದೆ. ಬೇಸಗೆಯಲ್ಲಿ ಕೆಲಸ ಮಾಡಿದಾಗ ಇನ್ನೂ ಹೆಚ್ಚು ಬೇಕು, ತಟ್ಟುವಿಗೆ ಅದರ ಗಾತ್ರಕ್ಕೆ ತಕ್ಕಂತೆ ಕಡಿಮೆ ಸಾಕು. ಒಣಮೇವು ತಿಂದು ನೀರು ಸಾಲದಿದ್ದರೆ ಕರುಳಿನಲ್ಲಿ ಲದ್ದಿ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಆದುದರಿಂದ ಬರದ ಸೀಮೆಯಲ್ಲಿ ಕುದುರೆ ಕೊಳ್ಳುವ ಮುನ್ನ ಲೆಕ್ಕ ಹಾಕಬೇಕಾದುದು ಮೇವಿಗಿಂತ ಮೊದಲು ನೀರನ್ನು.

ಲಾಯ, ಮಾಲೀಸು ಮತ್ತು ಗೊರಸು

ಲಾಯವು ಎತ್ತರವಾಗಿ, ಗಾಳಿಯಾಡುವಂತೆ, ನೆಲ ಒಣಗಿರುವಂತೆ ಇರಬೇಕು. ಗಂಜಲದ ಘಾಟು ಮನುಷ್ಯನ ಮೂಗಿಗೆ ತಾಗಿದರೆ ಅದು ಕುದುರೆಯ ಶ್ವಾಸಕೋಶಕ್ಕೆ ಆಗಲೇ ಹಾನಿ ಮಾಡುತ್ತಿದೆಯೆಂದು ತಿಳಿಯಬೇಕು. ಪ್ರತಿದಿನ ಬ್ರಷ್ಷಿನಿಂದಲೂ ಹುಲ್ಲಿನ ಕಂತೆಯಿಂದಲೂ ಮೈಯುಜ್ಜುವುದಕ್ಕೆ ಮಾಲೀಸು ಎನ್ನುತ್ತಾರೆ. ಮಾಲೀಸಿನಿಂದ ಮೈ ಹೊಳೆಯುವುದಷ್ಟೇ ಅಲ್ಲದೆ, ಜೀನು ಒತ್ತಿದ ಹುಣ್ಣು, ಉಣ್ಣೆ, ಊತ, ಬಿಸಿ ಇವೆಲ್ಲ ಅಂಗೈಗೆ ಸಿಗುವುದೂ ಆಗಲೇ.

ಗೊರಸು ತಿಂಗಳಿಗೆ 6ರಿಂದ 10 ಮಿಲಿಮೀಟರ್ ಬೆಳೆಯುತ್ತದೆ. ಅದರ ತಳದ ನಡುವೆ ಹಿಮ್ಮಡಿಯಿಂದ ಮುಂದಕ್ಕೆ ಚೂಪಾಗುವ, ರಬ್ಬರಿನಂತೆ ಬಾಗುವ ತ್ರಿಕೋನಾಕಾರದ ಮೆತ್ತೆಯೊಂದಿದ್ದು, ಹೆಜ್ಜೆಯ ಪೆಟ್ಟನ್ನು ತಡೆಯುವುದರಲ್ಲಿ ಅದಕ್ಕೂ ಪಾಲಿದೆ. ಇದರ ಎರಡು ಬದಿಯ ಸಂದುಗಳಲ್ಲಿ ಕೆಸರು ಮತ್ತು ಲದ್ದಿ ಕೂತು ಕಪ್ಪಾಗಿ ಕೊಳೆತು ದುರ್ವಾಸನೆ ಬರುವುದೇ ಗೊರಸುಕೊಳೆತ. ದಿನಕ್ಕೊಮ್ಮೆ ಮೊಂಡುಕೊಕ್ಕೆಯಿಂದ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಕೆರೆದು ಶುಚಿಮಾಡುವುದು, ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಿ ಸಮಮಾಡಿಸುವುದು, ಡಾಂಬರು ರಸ್ತೆಯಲ್ಲಿ ದುಡಿಯುವ ಕುದುರೆಗೆ ಅದೇ ಅವಧಿಯಲ್ಲಿ ಲಾಳ ಬದಲಿಸುವುದು ಅವಶ್ಯಕ. ಲಾಳವನ್ನು ಗೊರಸಿನ ಅಳತೆಗೆ ಬಾಗಿಸಬೇಕೇ ಹೊರತು ಲಾಳದ ಅಳತೆಗೆ ಗೊರಸನ್ನು ಕೆತ್ತಬಾರದು. ಎತ್ತಿಗೆ ಲಾಳ ಕಟ್ಟುವವರು ಊರೂರಿಗೆ ಇದ್ದರೂ ಕುದುರೆಗೆ ಕಟ್ಟಬಲ್ಲವರು ವಿರಳ. ಎತ್ತಿನ ಸೀಳುಗೊರಸಿಗೂ ಕುದುರೆಯ ಒಂಟಿಗೊರಸಿಗೂ ಮೊಳೆ ಹೊಡೆಯುವ ಜಾಗ ಬೇರೆಬೇರೆ ಎಂಬುದನ್ನು ನೆನಪಿಡಬೇಕು.

ಆರೋಗ್ಯದ ಲಕ್ಷಣಗಳು

ವಿಶ್ರಾಂತಿಯಲ್ಲಿರುವ ವಯಸ್ಕ ಕುದುರೆಯ ಮೈಬಿಸಿ 37.2ರಿಂದ 38.3 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16 ಇರುತ್ತದೆ. ನಾಡಿಯನ್ನು ಕೆಳದವಡೆಯ ಮೂಳೆಯ ಒಳಬದಿಯಲ್ಲಿ ಬೆರಳಿಟ್ಟು ಎಣಿಸಬಹುದು. ಒಸಡು ತಿಳಿಗುಲಾಬಿಯಾಗಿ ತೇವವಾಗಿರಬೇಕು. ಹೆಬ್ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳುಪು ಎರಡು ಸೆಕೆಂಡಿನೊಳಗೆ ಮಾಯವಾಗಬೇಕು. ಕುದುರೆಯು ದಿನಕ್ಕೆ ಸುಮಾರು 8ರಿಂದ 12 ಸಲ ಲದ್ದಿ ಹಾಕುತ್ತದೆ. ಆರೋಗ್ಯವಾಗಿರುವಾಗಲೇ ತನ್ನ ಕುದುರೆಯ ಈ ಅಂಕೆಗಳನ್ನು ಬರೆದಿಟ್ಟುಕೊಂಡವನಿಗೆ ಕಾಯಿಲೆಯ ಮೊದಲ ಗಳಿಗೆ ಬೇಗ ತಿಳಿಯುತ್ತದೆ.

ಮುಖ್ಯ ರೋಗಗಳು

ಹೊಟ್ಟೆಶೂಲೆಯು ಕುದುರೆಯ ಸಾವಿಗೆ ಪ್ರಮುಖ ಕಾರಣ. ಕುದುರೆಯು ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನು ನೋಡುತ್ತ, ಮೇವು ಬಿಟ್ಟು, ಮಲಗಿ ಎದ್ದು ಹೊರಳಾಡುತ್ತ, ಬೆವರುತ್ತಿದ್ದರೆ, ಲದ್ದಿ ನಿಂತಿದ್ದರೆ ಅದು ಶೂಲೆಯ ಚಿಹ್ನೆ. ಕೂಡಲೇ ಮೇವನ್ನು ತೆಗೆದು, ನಾಡಿಯನ್ನು ಎಣಿಸಿ, ಪಶುವೈದ್ಯರನ್ನು ಕರೆಸಬೇಕು. ಹೊರಳಾಡುವ ಕುದುರೆಯನ್ನು ನಿಧಾನವಾಗಿ ನಡೆಸಬಹುದು. ನಾಡಿ ನಿಮಿಷಕ್ಕೆ 60ನ್ನು ಮೀರಿದರೆ ಸ್ಥಿತಿ ಗಂಭೀರವೆಂದು ಎಣಿಸಬೇಕು. ದನಗಳಿಗೆ ಮಾಡುವಂತೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಅಥವಾ ಕಷಾಯ ತುಂಬಿ ಬಾಯಿಗೆ ಹೊಯ್ಯುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ತಲೆ ಎತ್ತಿ ಹಿಡಿದ ಕುದುರೆಯ ಶ್ವಾಸನಾಳಕ್ಕೆ ಎಣ್ಣೆ ಇಳಿದರೆ, ಶೂಲೆ ಗುಣವಾದರೂ ನಾಲ್ಕಾರು ದಿನಗಳಲ್ಲಿ ಶ್ವಾಸಕೋಶದ ಉರಿಯೂತದಿಂದ ಪ್ರಾಣಿ ಸಾಯಬಹುದು. ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿ, ಅದು ಸರಿಯಾದ ದಾರಿಯಲ್ಲಿದೆಯೆಂದು ಖಚಿತಪಡಿಸಿಕೊಂಡ ಮೇಲೆ ಮಾತ್ರ ಎಣ್ಣೆ ಹಾಕುತ್ತಾರೆ.

ಗೊರಸಿನ ಉರಿಯೂತದಲ್ಲಿ ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಬೆಸೆದಿರುವ ಪದರಗಳು ಊದಿಕೊಂಡು ಬಿಟ್ಟುಕೊಳ್ಳುತ್ತವೆ. ಕಾಳಿನ ಚೀಲಕ್ಕೆ ಬಾಯಿಹಾಕಿ ಹೊಟ್ಟೆಬಿರಿಯ ತಿಂದ ಒಂದೆರಡು ದಿನಗಳಲ್ಲಿ ಇದು ಕಾಣಿಸಿಕೊಳ್ಳುವುದುಂಟು. ಕುದುರೆಯು ಮುಂಗಾಲುಗಳನ್ನು ಮುಂದಕ್ಕೆ ಚಾಚಿ ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಲ್ಲುತ್ತದೆ, ಗೊರಸು ಬಿಸಿಯಾಗಿರುತ್ತದೆ. ಕಾಳು ತಿಂದದ್ದು ತಿಳಿದ ಕೂಡಲೇ, ಕುಂಟುವುದನ್ನು ಕಾಯದೆ, ಚಿಕಿತ್ಸೆ ಆರಂಭಿಸಿ ಗೊರಸನ್ನು ತಣ್ಣೀರು ಅಥವಾ ಮಂಜುಗಡ್ಡೆಯಲ್ಲಿ ಇಡುವುದು ಫಲಕಾರಿ. ರಜೆಯ ದಿನವೂ ಪೂರ್ತಿ ಕಾಳು ತಿಂದ ಕುದುರೆಯನ್ನು ಮರುದಿನ ಕೆಲಸಕ್ಕೆ ಹೂಡಿದಾಗ ಸೊಂಟ ಮತ್ತು ತೊಡೆಯ ಸ್ನಾಯುಗಳು ಮರದಂತೆ ಬಿಗಿದು, ಮೂತ್ರವು ಕಾಫಿ ಬಣ್ಣಕ್ಕೆ ತಿರುಗುವ ಇನ್ನೊಂದು ಕಾಯಿಲೆಯಿದೆ; ಅಂಥ ಕುದುರೆಯನ್ನು ನಿಂತಲ್ಲಿಯೇ ನಿಲ್ಲಿಸಬೇಕು, ಒಂದು ಹೆಜ್ಜೆಯೂ ನಡೆಸಬಾರದು.

ಧನುರ್ವಾಯುವಿಗೆ ಸಾಕುಪ್ರಾಣಿಗಳಲ್ಲೆಲ್ಲ ಕುದುರೆಯೇ ಹೆಚ್ಚು ಸುಲಭವಾಗಿ ತುತ್ತಾಗುತ್ತದೆ. ಮೊಳೆ ಚುಚ್ಚಿದ ಚಿಕ್ಕ ಗಾಯದಿಂದ ಒಳಹೊಕ್ಕ ರೋಗಾಣುವಿನ ವಿಷದಿಂದ ದವಡೆ ಕಚ್ಚಿಕೊಂಡು, ಬಾಲ ಎತ್ತಿ, ಕಣ್ಣಿನ ಮೂರನೆಯ ರೆಪ್ಪೆ ಅಡ್ಡಬಂದು, ಮೈ ಮರಗಟ್ಟುತ್ತದೆ. ವರ್ಷಕ್ಕೊಮ್ಮೆ ಹಾಕಿಸುವ ಲಸಿಕೆಯಿಂದ ಇದನ್ನು ತಡೆಯಬಹುದು. ರೇಬೀಸ್ ಮತ್ತು ಕುದುರೆ ಫ್ಲೂ ಲಸಿಕೆಗಳನ್ನೂ ವೈದ್ಯರ ಸಲಹೆಯಂತೆ ಹಾಕಿಸಬೇಕು; 1987ರಲ್ಲಿಯೂ 2008–09ರಲ್ಲಿಯೂ ಕುದುರೆ ಫ್ಲೂ ಭಾರತದಲ್ಲಿ ವ್ಯಾಪಕವಾಗಿ ಹರಡಿತ್ತು.

ಸರ್ರಾ ಎಂಬುದು ರಕ್ತದಲ್ಲಿ ಈಜುವ ಏಕಕೋಶ ಪರೋಪಜೀವಿಯಿಂದ ಬರುವ ರೋಗ. ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯಾಧಿಕಾರಿ 1880ರಲ್ಲಿ ಪಂಜಾಬಿನ ಕುದುರೆ ಮತ್ತು ಒಂಟೆಗಳ ರಕ್ತದಲ್ಲಿ ಇದನ್ನು ಕಂಡುಹಿಡಿದನು. ಸಸ್ತನಿಗಳಲ್ಲಿ ಈ ಬಗೆಯ ಜೀವಿಯು ರೋಗಕ್ಕೆ ಕಾರಣವೆಂದು ತಿಳಿದುಬಂದುದು ಅದೇ ಮೊದಲು. ದೊಡ್ಡ ಕಚ್ಚುನೊಣಗಳು ಇದನ್ನು ಹರಡುತ್ತವೆ. ಬಿಟ್ಟುಬಿಟ್ಟು ಬರುವ ಜ್ವರ, ರಕ್ತಹೀನತೆ, ಹೊಟ್ಟೆಯ ಕೆಳಗೂ ಕಾಲುಗಳಲ್ಲಿಯೂ ಊತ, ತಿನ್ನುತ್ತಿದ್ದರೂ ಸೊರಗುವುದು ಇದರ ಲಕ್ಷಣಗಳು. ದನ ಎಮ್ಮೆಗಳಲ್ಲಿ ಮೇಲ್ನೋಟಕ್ಕೆ ಕಾಣದೆ ಇದು ಅಡಗಿರಬಹುದಾದುದರಿಂದ ಕುದುರೆಯನ್ನು ದನದ ಕೊಟ್ಟಿಗೆಯಿಂದ ದೂರ ಕಟ್ಟುವುದು ಒಳ್ಳೆಯದು.

ಗ್ಲ್ಯಾಂಡರ್ಸ್ ಎಲ್ಲಕ್ಕಿಂತ ಭಯಂಕರವಾದುದು. ಮೂಗಿನಿಂದ ಅಂಟಂಟಾದ ಸಿಂಬಳ, ಮೂಗಿನೊಳಗೆ ಹುಣ್ಣು, ಚರ್ಮದ ಮೇಲೆ ಸಾಲುಗಟ್ಟಿ ಒಡೆಯುವ ಗಂಟುಗಳು ಇದರ ಚಿಹ್ನೆಗಳಾಗಿದ್ದು, ಇದು ಮನುಷ್ಯರಿಗೂ ಹರಡಿ ಪ್ರಾಣಕ್ಕೆ ಅಪಾಯ ತರುತ್ತದೆ. ಲಸಿಕೆಯಿಲ್ಲದ ಈ ರೋಗವು 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ನಿಯಂತ್ರಣ ಕಾಯಿದೆಯ ಪಟ್ಟಿಯಲ್ಲಿದ್ದು, ಶಂಕೆಯಿದ್ದರೆ ಸರ್ಕಾರಿ ಪಶುವೈದ್ಯರಿಗೆ ತಿಳಿಸುವುದು ಕಡ್ಡಾಯ. ರೋಗ ದೃಢಪಟ್ಟ ಕುದುರೆಯನ್ನು ಕೊಲ್ಲಲಾಗುತ್ತದೆ. ಹೊಸದಾಗಿ ಕೊಂಡ ಕುದುರೆಯನ್ನು ಕನಿಷ್ಠ ಎರಡು ಮೂರು ವಾರ ಬೇರೆ ಕಟ್ಟಿ, ರಕ್ತಪರೀಕ್ಷೆ ಮಾಡಿಸಿದ ಬಳಿಕವೇ ಉಳಿದವುಗಳೊಡನೆ ಸೇರಿಸಬೇಕು. ಇಂಥ ಪರೀಕ್ಷೆಗಳಿಗೆ ದೇಶದ ಮುಖ್ಯ ಕೇಂದ್ರವು ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ.

ಸಂತಾನಾಭಿವೃದ್ಧಿ

ಹೆಣ್ಣು ಕುದುರೆಯು ಒಂದೂವರೆ ವರ್ಷದೊಳಗೇ ಬೆದೆಗೆ ಬರಬಹುದಾದರೂ ಮೂರು ವರ್ಷ ತುಂಬುವ ಮೊದಲು ಗಬ್ಬ ಮಾಡಿಸಬಾರದು. ಹಗಲು ದೀರ್ಘವಾಗಿರುವ ತಿಂಗಳುಗಳಲ್ಲಿ ಸುಮಾರು 21 ದಿನಗಳಿಗೊಮ್ಮೆ ಬೆದೆ ಬರುತ್ತದೆ, ಐದರಿಂದ ಏಳು ದಿನ ಇರುತ್ತದೆ. ಅಂಡವು ಬಿಡುಗಡೆಯಾಗುವುದು ಬೆದೆಯ ಕೊನೆಯಲ್ಲಾದುದರಿಂದ ಕೊನೆಯ ದಿನಗಳ ಕೂಡಿಕೆ ಹೆಚ್ಚು ಫಲಪ್ರದ. ಗರ್ಭಾವಧಿ ಸರಾಸರಿ 340 ದಿನ, ಅಂದರೆ ಹನ್ನೊಂದು ತಿಂಗಳು. ಕೊನೆಯ ಮೂರು ತಿಂಗಳಲ್ಲಿ ಮರಿಯು ಬಹುಪಾಲು ಬೆಳೆಯುವುದರಿಂದ ಆಗ ಪುಷ್ಟಿಯ ಮೇವು ಬೇಕು. ಅವಳಿ ಗರ್ಭವು ಕುದುರೆಯಲ್ಲಿ ಹೆಚ್ಚಾಗಿ ಗರ್ಭಪಾತದಲ್ಲಿ ಮುಗಿಯುತ್ತದೆ.

ಈಯುವ ದಿನ ಸಮೀಪಿಸಿದಾಗ ಕೆಚ್ಚಲು ತುಂಬಿ, ಮೊಲೆತುದಿಯಲ್ಲಿ ಮೇಣದಂಥ ಹನಿ ಕಟ್ಟುತ್ತದೆ. ಹೆಣ್ಣು ಕುದುರೆಗಳು ಹೆಚ್ಚಾಗಿ ರಾತ್ರಿಯೇ ಈಯುತ್ತವೆ. ನೀರು ಒಡೆದ ಮೇಲೆ ಮರಿಯು 20ರಿಂದ 30 ನಿಮಿಷಗಳಲ್ಲಿ ಹೊರಬರಬೇಕು. ಬಿಳಿಯ ಪೊರೆಗೆ ಬದಲು ಕೆಂಪು ಮಖಮಲ್ಲಿನಂಥ ಚೀಲ ಮೊದಲು ಕಂಡರೆ ಮಾಸು ಮುಂಚೆಯೇ ಬಿಟ್ಟುಕೊಂಡು ಮರಿಗೆ ಉಸಿರು ನಿಲ್ಲುತ್ತಿದೆಯೆಂದರ್ಥ, ಆಗ ವೈದ್ಯರನ್ನು ಕಾಯದೆ ಆ ಚೀಲವನ್ನು ಸೀಳಿ ಮರಿಯನ್ನು ಹೊರಗೆಳೆಯಬೇಕು. ಹುಟ್ಟಿದ ಮರಿಯು ಒಂದು ಗಂಟೆಯಲ್ಲಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಮೊಲೆ ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಇದನ್ನು ಒಂದು-ಎರಡು-ಮೂರು ಎಂದು ನೆನಪಿಡುವುದು ಸುಲಭ. ಯಾವುದೊಂದು ತಪ್ಪಿದರೂ ವೈದ್ಯರನ್ನು ಕರೆಸಬೇಕು. ಬೀಳದ ಮಾಸನ್ನು ಕೈಯಿಂದ ಎಳೆಯಬಾರದು.

ಗಿಣ್ಣುಹಾಲಿನ ವಿಷಯ ಇಲ್ಲಿ ವಿಶೇಷವಾಗಿ ಹೇಳಬೇಕಾದುದು. ಮನುಷ್ಯರಲ್ಲಿ ತಾಯಿಯ ರೋಗನಿರೋಧಕ ಶಕ್ತಿಯು ಗರ್ಭದಲ್ಲಿಯೇ ಮಗುವಿಗೆ ದಾಟಿದರೆ, ಕುದುರೆಯಲ್ಲಿ ಅದು ದಾಟುವುದಿಲ್ಲ. ಮರಿಗೆ ದೊರೆಯುವುದು ಗಿಣ್ಣುಹಾಲಿನಿಂದ ಮಾತ್ರ, ಅದೂ ಮರಿಯ ಕರುಳು ಅದನ್ನು ಹೀರಿಕೊಳ್ಳುವ ಮೊದಲ 24 ಗಂಟೆಗಳಲ್ಲಿ, ಬಹುಪಾಲು ಮೊದಲ ಎಂಟು ಗಂಟೆಗಳಲ್ಲಿ. ಗಿಣ್ಣುಹಾಲನ್ನು ಮನೆಬಳಕೆಗೆ ಕರೆದುಕೊಳ್ಳುವ ದನದ ರೂಢಿಯನ್ನು ಕುದುರೆಗೆ ತರುವಂತಿಲ್ಲ. ಹೊಕ್ಕುಳಿಗೆ ಕ್ರಿಮಿನಾಶಕ ಹಚ್ಚಿ, ನಾಲ್ಕರಿಂದ ಆರು ತಿಂಗಳಿಗೆ ಹಾಲು ಬಿಡಿಸಬಹುದು.

ಹೆಣ್ಣು ಕುದುರೆಗೂ ಗಂಡು ಕತ್ತೆಗೂ ಹುಟ್ಟುವುದು ಹೇಸರಗತ್ತೆ. ಕುದುರೆಗೆ 64, ಕತ್ತೆಗೆ 62 ವರ್ಣತಂತುಗಳಿರುವುದರಿಂದ ಹೇಸರಗತ್ತೆಗೆ ಜೋಡಿಯಾಗದ 63 ಬಂದು, ಅದಕ್ಕೆ ಸಂತಾನವಾಗುವುದು ಅತ್ಯಂತ ಅಪರೂಪ.

ಕೆಲಸ ಮತ್ತು ಕಾನೂನು

1965ರ ಹೊರೆಪ್ರಾಣಿಗಳ ಹಿಂಸೆ ತಡೆ ನಿಯಮಗಳ ಪ್ರಕಾರ ತಟ್ಟುವಿನ ಬೆನ್ನ ಮೇಲೆ 70 ಕಿಲೋ, ಹೇಸರಗತ್ತೆಯ ಮೇಲೆ 200 ಕಿಲೋ, ಕತ್ತೆಯ ಮೇಲೆ 50 ಕಿಲೋಗಿಂತ ಹೆಚ್ಚು ಹೊರಿಸುವಂತಿಲ್ಲ. ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ದುಡಿಸುವಂತಿಲ್ಲ. ಮಡಕಶಿರಾ ಮತ್ತು ರಾಯದುರ್ಗಗಳ ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಈ ಕೊನೆಯ ನಿಯಮವು ನೇರವಾಗಿ ಅನ್ವಯಿಸುತ್ತದೆ, ಮದುವೆಯ ಮೆರವಣಿಗೆಗಳು ಹೆಚ್ಚಾಗಿ ನಡೆಯುವುದೂ ಅದೇ ತಿಂಗಳುಗಳಲ್ಲಿ.

ಇಂದಿನ ಸ್ಥಿತಿ

2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿದ್ದ ಕುದುರೆ ಮತ್ತು ತಟ್ಟುಗಳು ಸುಮಾರು 3.4 ಲಕ್ಷ; 2012ರ ಗಣತಿಗೆ ಹೋಲಿಸಿದರೆ ಸಂಖ್ಯೆಯು ನೂರಕ್ಕೆ 45ರಷ್ಟು ಕುಸಿದಿತ್ತು. ಕುದುರೆಗಳು ಕಡಿಮೆಯಾದಂತೆ ಲಾಳ ಕಟ್ಟುವವರು, ಮಾಲೀಸು ಬಲ್ಲವರು, ಕುದುರೆಯ ನಾಡಿ ನೋಡಿದ ಅನುಭವವುಳ್ಳ ವೈದ್ಯರು ಕೂಡ ಹಳ್ಳಿಗಳಿಂದ ಮರೆಯಾಗುತ್ತಿದ್ದಾರೆ. ಕುದುರೆಗೆ ಬರುವ ಕೇಡುಗಳಲ್ಲಿ ಹೆಚ್ಚಿನವು, ಶೂಲೆ, ಗೊರಸಿನ ಉರಿಯೂತ, ಧನುರ್ವಾಯು, ಗಿಣ್ಣು ಸಿಗದ ಮರಿಯ ಸಾವು, ದುಬಾರಿ ಔಷಧಿಯಿಂದಲ್ಲ, ಹೊತ್ತಿಗೆ ಸರಿಯಾದ ಮೇವು, ನೀರು, ಲಸಿಕೆ ಮತ್ತು ದಿನದಿನದ ನಿಗಾದಿಂದ ತಡೆಯಬಹುದಾದವು ಎಂಬುದನ್ನು ಸಾಕುವವರು ಮನಗಾಣಬೇಕು. ಗಡಿಯ ಆಚೆಗಿನ ಕರ್ನಾಟಕದಲ್ಲಿಯೂ ಈಚೆಗಿನ ಆಂಧ್ರಪ್ರದೇಶದಲ್ಲಿಯೂ 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸೇವೆ ಉಚಿತವಾಗಿ ದೊರೆಯುತ್ತದೆ. ಈ ಸಂಖ್ಯೆಯನ್ನು ಲಾಯದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡುವುದು ಪ್ರತಿಯೊಬ್ಬ ಸಾಕಣೆದಾರನ ಕರ್ತವ್ಯ.